ಹಳೆಯ ಸೆಟ್ಟಿಂಗ್, ಹೊಸ ಕರ್ನೆಲ್: ಆರಂಭಿಕ ಶಿಲ್ಕು ಒಯ್ಯುವ ಮುನ್ನ

ಗೊಟಗೋಡಿಯ ಸಮೀಪ ಹೆದ್ದಾರಿಯ ಬದಿಗೆ ಸಣ್ಣ ಘಟಕವೊಂದನ್ನು ನಡೆಸುತ್ತಿರುವ, ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಮಾಡಿಸುವ ಉದ್ಯಮಿಯೊಬ್ಬರು ಈಚೆಗೆ ದೂರವಾಣಿ ಮಾಡಿದ್ದರು. ತೆರಿಗೆಯ ವಿಷಯವಿರಬಹುದೆಂದು ಕಡತ ತೆಗೆದುಕೊಂಡು ಕುಳಿತೆ. ಅವರು ಕೇಳಿದ್ದೇ ಬೇರೆ. “ಸಾಹೇಬ್ರ, ಲಾರಿ ಕಾಟಾದ ಕಂಪ್ಯೂಟರಿನ ಕರ್ನೆಲ್ ಹಳೇದಾಗೇತಂತ. ಹೊಸಾದು ಹಾಕ್ತೀನಿ, ಸೆಟ್ಟಿಂಗ್ ಮಾತ್ರ ಹಳೇವನ್ನ ಹಾಕ್ತೀನಿ, ಏನೂ ಚಿಂತಿ ಮಾಡಬ್ಯಾಡ್ರಿ ಅಂತಾನ ಹುಡುಗ. ಚಿಂತಿ ಮಾಡಬೇಕೋ ಬ್ಯಾಡೋ ನೀವೇ ಹೇಳ್ರಿ” ಎಂದರು.

ಹಳೆಯ ಸೆಟ್ಟಿಂಗ್‌ಗಳನ್ನು ಒಯ್ಯುವುದು ಸರಿಯಾದ ಮಾರ್ಗವೇ, ಆದರೆ ‘ಏನೂ ಚಿಂತೆ ಬೇಡ’ ಎಂಬ ಮಾತನ್ನು ನಾನು ಒಪ್ಪಲಾರೆ ಎಂದು ಉತ್ತರಿಸಿದೆ. ಲೆಕ್ಕಪರಿಶೋಧಕನಿಗೆ ಕರ್ನೆಲಿನ ಉಸಾಬರಿ ಏಕೆ ಎಂದು ಸದಸ್ಯರು ಕೇಳಬಹುದು. ಈ ವಿಷಯದಲ್ಲಿ 2007ರಲ್ಲಿ ನಾನೇ ಒಮ್ಮೆ ದಂಡ ತೆತ್ತಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಅಲ್ಲದೆ ಹಳೆಯದನ್ನು ಹೊಸದಕ್ಕೆ ಒಯ್ಯುವುದು ನಮ್ಮ ವೃತ್ತಿಯ ನಿತ್ಯದ ಕೆಲಸವೇ ಆಗಿದೆ.

ಕರ್ನೆಲ್ ಎಂದರೇನು?

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳೇ ಕರ್ನೆಲ್. ನಮ್ಮ ಬಿಲ್ಲಿಂಗ್ ತಂತ್ರಾಂಶವು ಡಿಸ್ಕಿನ ಮೇಲೆ ತಾನೇ ನೇರವಾಗಿ ಬರೆಯುವುದಿಲ್ಲ, ಮುದ್ರಕಕ್ಕೆ ತಾನೇ ನೇರವಾಗಿ ಕಳುಹಿಸುವುದಿಲ್ಲ. ಕರ್ನೆಲಿಗೆ ಹೇಳಿ ಮಾಡಿಸುತ್ತದೆ. ಅಡತಿ ಅಂಗಡಿಯಲ್ಲಿ ರೈತನ ಮಾಲೂ ಖರೀದಿದಾರನ ಹಣವೂ ದಲಾಲರ ಕೈದಾಟಿಯೇ ಹೋಗುವಂತೆ, ಯಂತ್ರಾಂಶ ಹಾಗೂ ತಂತ್ರಾಂಶಗಳ ನಡುವಿನ ಎಲ್ಲ ವ್ಯವಹಾರವೂ ಕರ್ನೆಲಿನ ಮೂಲಕವೇ ನಡೆಯತಕ್ಕದ್ದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿದೆ. ನಮ್ಮೆಲ್ಲರ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಅದೇ.

ಸಾಮಾನ್ಯವಾಗಿ ಲಿನಕ್ಸ್ ಬಳಸುವವರು ಕರ್ನೆಲನ್ನು ತಾವೇ ಕಟ್ಟುವುದಿಲ್ಲ. ಉಬುಂಟು, ಡೆಬಿಯನ್ ಮೊದಲಾದ ವಿತರಕರು ಸಿದ್ಧಪಡಿಸಿ ಕೊಟ್ಟದ್ದನ್ನೇ ಹಾಕಿಕೊಳ್ಳುತ್ತಾರೆ. ಆದರೆ ಗೊಟಗೋಡಿಯ ಆ ಗಣಕದಂತಹ ಹಳೆಯ ಯಂತ್ರಗಳಿಗೆ, ಅಥವಾ ವಿಶೇಷ ಕಾರ್ಡ್ ಜೋಡಿಸಿದ ಕಾರ್ಖಾನೆಯ ಯಂತ್ರಗಳಿಗೆ, ತಂತ್ರಜ್ಞರು ಮೂಲ ಸಂಕೇತವನ್ನು ತಂದು ಅಳತೆಗೆ ತಕ್ಕಂತೆ ಕರ್ನೆಲ್ ಕಟ್ಟುವುದುಂಟು. ಸಿದ್ಧ ಉಡುಪಿಗೂ ದರ್ಜಿ ಹೊಲಿದ ಉಡುಪಿಗೂ ಇರುವ ವ್ಯತ್ಯಾಸವಿದು. ದರ್ಜಿಯ ಬಳಿ ಅಳತೆ ಬರೆದ ಪುಸ್ತಕವಿರುವಂತೆ ಇಲ್ಲಿಯೂ ಒಂದು ಕಡತವಿರುತ್ತದೆ. ಅದರ ಹೆಸರು ‘ಡಾಟ್ ಕಾನ್ಫಿಗ್’.

ಈ ಕಡತದಲ್ಲಿ ಸಾಲಿಗೊಂದರಂತೆ ಆಯ್ಕೆಗಳಿರುತ್ತವೆ. ಇಂಥ ಡಿಸ್ಕ್ ಚಾಲಕ ಬೇಕೇ, ಇಂಥ ಜಾಲ ಕಾರ್ಡ್ ಬೇಕೇ, ಇಂಥ ಕಡತವ್ಯವಸ್ಥೆ ಬೇಕೇ ಎಂದು ಪ್ರತಿಯೊಂದಕ್ಕೂ ಉತ್ತರ ಬರೆದಿರುತ್ತದೆ. ಚಾಲಕಗಳಂತಹ ಆಯ್ಕೆಗಳಿಗೆ ಉತ್ತರ ಮೂರು ವಿಧ. ‘ವೈ’ ಎಂದರೆ ಅದು ಕರ್ನೆಲಿನ ಒಳಗೇ ಸೇರಿರಲಿ ಎಂದರ್ಥ. ಅಂಗಡಿಯಲ್ಲಿ ಸಂಬಳದ ಮೇಲಿರುವ ಕಾಯಂ ಆಳಿನಂತೆ. ‘ಎಂ’ ಎಂದರೆ ಮಾಡ್ಯೂಲ್. ಲಾರಿ ಬಂದಾಗ ಮಾತ್ರ ಕರೆಸಿಕೊಳ್ಳುವ ಹಮಾಲನಂತೆ. ‘ಎನ್’ ಎಂದರೆ ಬೇಡವೇ ಬೇಡ. ಹೀಗೆ ಉತ್ತರಿಸಬೇಕಾದ ಆಯ್ಕೆಗಳು ಲಿನಕ್ಸ್ ಕರ್ನೆಲಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿವೆ. ಪ್ರತಿ ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಸಲವೂ ಮೊದಲಿನಿಂದ ಎಲ್ಲಕ್ಕೂ ಉತ್ತರಿಸುತ್ತ ಕೂರುವುದು ಯಾರಿಂದಲೂ ಆಗದ ಮಾತು. ಆದುದರಿಂದಲೇ ಹಳೆಯ ಕಡತವನ್ನು ಹೊಸ ಕರ್ನೆಲಿಗೆ ಒಯ್ಯುವ ಪದ್ಧತಿ ಬೆಳೆದುಬಂದಿದೆ.

ಬದಲಿಸದೆ ಬಿಟ್ಟರೇನು?

ನಡೆಯುತ್ತಿರುವ ಯಂತ್ರವನ್ನು ಏಕೆ ಕೆಣಕಬೇಕೆಂಬುದು ವ್ಯಾಪಾರಿಯ ಸಹಜ ಪ್ರಶ್ನೆ. ಗೊಟಗೋಡಿಯ ಗಣಕದಲ್ಲಿದ್ದದ್ದು 2019ರ ನವೆಂಬರ್‌ನಲ್ಲಿ ಬಿಡುಗಡೆಯಾದ 5.4ನೆಯ ಆವೃತ್ತಿ. ದೀರ್ಘಾವಧಿ ಆಸರೆಯ ಆವೃತ್ತಿಯಾದ ಅದಕ್ಕೆ ಮೂಲ ಕರ್ನೆಲ್ ತಂಡವು ಸುಮಾರು ಆರು ವರ್ಷಗಳ ಕಾಲ ತಿದ್ದುಪಡಿಗಳನ್ನು ಕೊಟ್ಟು 2025ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಆನಂತರ ಕಂಡುಬರುವ ದೋಷಕ್ಕೆ ಆ ತಂಡದಿಂದ ಮದ್ದು ಬಾರದು. 2016ರ ಅಕ್ಟೋಬರ್‌ನಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ದೋಷವನ್ನು ನೋಡಬೇಕು. ಸಾಮಾನ್ಯ ಬಳಕೆದಾರನೊಬ್ಬ ಯಂತ್ರದ ಪೂರ್ಣ ಯಜಮಾನಿಕೆಯನ್ನು ಪಡೆಯಲು ಅವಕಾಶ ಕೊಡುತ್ತಿದ್ದ ಆ ದೋಷ 2007ರ 2.6.22ನೆಯ ಆವೃತ್ತಿಯಿಂದಲೂ ಕರ್ನೆಲಿನಲ್ಲಿ ಇದ್ದಿತ್ತು. ಅಂದರೆ ಒಂಬತ್ತು ವರ್ಷ ಯಾರ ಕಣ್ಣಿಗೂ ಸ್ಪಷ್ಟವಾಗಿ ಬಿದ್ದಿರಲಿಲ್ಲ. ಕಾಟಾದ ಗಣಕ ಅಂತರಜಾಲಕ್ಕೆ ಜೋಡಿಸಿದ್ದರೆ, ಅದರಿಂದಲೇ ಇ-ವೇ ಬಿಲ್ ತೆಗೆಯುತ್ತಿದ್ದರೆ, ಹಳೆಯ ಕರ್ನೆಲನ್ನು ಇಟ್ಟುಕೊಂಡು ಕೂರುವುದು ಜಾಣತನವಲ್ಲ.

ಆದ್ದರಿಂದ 2024ರ ನವೆಂಬರ್‌ನ 6.12ಕ್ಕೆ ಹೋಗಬೇಕೆಂದು ತಂತ್ರಜ್ಞ ಹೇಳಿದ್ದು ಸರಿಯಾಗಿಯೇ ಇತ್ತು.

ಒಯ್ಯುವ ವಿಧಾನ

ಹಳೆಯ ಕಡತವನ್ನು ಹೊಸ ಮೂಲ ಸಂಕೇತದ ಕೋಶದೊಳಗೆ ಇಟ್ಟು ‘ಮೇಕ್ ಓಲ್ಡ್‌ಕಾನ್ಫಿಗ್’ ಎಂಬ ಆದೇಶ ಕೊಡುತ್ತಾರೆ. ಗಣಕವು ಹಳೆಯ ಉತ್ತರಗಳನ್ನು ಓದಿಕೊಂಡು, ಹೊಸ ಆವೃತ್ತಿಯಲ್ಲಿ ಹೊಸದಾಗಿ ಸೇರಿರುವ ಆಯ್ಕೆಗಳ ಬಗ್ಗೆ ಮಾತ್ರ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಪ್ರಶ್ನೆಯ ಪಕ್ಕದಲ್ಲಿ ‘ಹೊಸದು’ ಎಂಬ ಗುರುತು ಇರುತ್ತದೆ. ಸಿದ್ಧ ಉತ್ತರವನ್ನು ದೊಡ್ಡಕ್ಷರದಲ್ಲಿ ತೋರಿಸಿರುತ್ತದೆ. ಎಂಟರ್ ಕೀಲಿ ಒತ್ತಿದರೆ ಆ ಸಿದ್ಧ ಉತ್ತರವೇ ದಾಖಲಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಆ ಆಯ್ಕೆಯ ವಿವರಣೆ ಬರುತ್ತದೆ. ಪ್ರಶ್ನೆಗಳ ಗೊಡವೆಯೇ ಬೇಡವೆನ್ನುವವರಿಗೆ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಎಂಬ ಇನ್ನೊಂದು ಆದೇಶವಿದೆ. ಅದು ಏನನ್ನೂ ಕೇಳದೆ ಎಲ್ಲ ಹೊಸ ಆಯ್ಕೆಗಳಿಗೂ ಸಿದ್ಧ ಉತ್ತರವನ್ನೇ ತುಂಬಿಬಿಡುತ್ತದೆ.

ದೀಪಾವಳಿ ಪಾಡ್ಯದ ದಿನ ಹೊಸ ಕಿರ್ದಿಗೆ ಪೂಜೆ ಮಾಡಿ ವ್ಯವಹಾರ ಆರಂಭಿಸುವ ಪದ್ಧತಿ ನಮ್ಮ ಭಾಗದಲ್ಲಿ ಇಂದಿಗೂ ಇದೆ. 1989ರಿಂದ ಆದಾಯ ತೆರಿಗೆಗೆ ಎಲ್ಲರೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವನ್ನೇ ಇಡಬೇಕಾಗಿ ಬಂದರೂ ಪೂಜೆ ಮಾತ್ರ ಪಾಡ್ಯಕ್ಕೇ ಉಳಿದಿದೆ. ಅಂದು ಹಳೆಯ ಕಾಲದ ದಿವಾನಜಿಗಳು ಹೊಸ ಖತಾವಣಿಗೆ ಶಿಲ್ಕು ಒಯ್ಯುವ ರೀತಿಯನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಹೊಸ ಪುಸ್ತಕಕ್ಕೆ ಬರೆದಾದ ಮೇಲೆ ಹಳೆಯ ಪುಸ್ತಕದ ಪ್ರತಿ ಖಾತೆಯ ಮುಂದೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ಬರುತ್ತಿದ್ದರು. ಗುರುತಿಲ್ಲದೆ ಉಳಿದ ಖಾತೆಯೆಂದರೆ ಒಯ್ಯದೆ ಉಳಿದ ಖಾತೆ. ‘ಮೇಕ್ ಓಲ್ಡ್‌ಕಾನ್ಫಿಗ್’ ಶಿಲ್ಕು ಒಯ್ಯುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೆಂಪು ಪೆನ್ಸಿಲಿನ ಕೆಲಸವನ್ನು ತಾನಾಗಿ ಮಾಡುವುದಿಲ್ಲ. ನಮ್ಮ ಚಿಂತೆಯೆಲ್ಲ ಅಲ್ಲಿದೆ.

ನಾನು ತೆತ್ತ ದಂಡ

2007ರಲ್ಲಿ ನಮ್ಮ ಕಚೇರಿಯ ಎಲ್ಲ ಗ್ರಾಹಕರ ಕಡತಗಳು ಒಂದೇ ಲಿನಕ್ಸ್ ಸರ್ವರಿನಲ್ಲಿದ್ದವು. ಹೊಸ ಜಾಲ ಕಾರ್ಡ್ ತಂದಿದ್ದೆ, ಇದ್ದ 2.6.18ನೆಯ ಕರ್ನೆಲ್ ಅದನ್ನು ಗುರುತಿಸಲಿಲ್ಲ. ಓದಿ ತಿಳಿದ ಉತ್ಸಾಹದಲ್ಲಿ 2.6.20ನ್ನು ನಾನೇ ಕಟ್ಟಲು ಕುಳಿತೆ. ಹಳೆಯ ಕಡತ ಇಟ್ಟು ಆದೇಶ ಕೊಟ್ಟೆ. ಪ್ರಶ್ನೆಗಳು ಬರತೊಡಗಿದವು. ಮೊದಲ ಹತ್ತನ್ನು ಓದಿದೆ. ಆಮೇಲೆ ಓದುವುದನ್ನು ಬಿಟ್ಟು ಎಂಟರ್ ಒತ್ತುತ್ತ ಹೋದೆ. ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಹಳೆಯ ಕರ್ನೆಲಿನ ಮೇಲೆಯೇ ಹೊಸದನ್ನು ಬರೆದೆ. ವ್ಯಾಟ್ ರಿಟರ್ನ್ ಸಲ್ಲಿಸಲು ಎರಡು ದಿನ ಉಳಿದಿದ್ದವು.

ಮುಂಜಾನೆ ಸರ್ವರ್ ಏಳಲಿಲ್ಲ. ಮೂಲ ಕಡತವ್ಯವಸ್ಥೆ ಸಿಗುತ್ತಿಲ್ಲ ಎಂಬ ಅರ್ಥದ ಸಾಲೊಂದು, ಅದರ ಕೆಳಗೆ ‘ಕರ್ನೆಲ್ ಪ್ಯಾನಿಕ್’ ಎಂಬ ಎರಡು ಪದಗಳು. ಅಷ್ಟೇ.

ಕಾರಣ ತಿಳಿದದ್ದು ಅಂದು ರಾತ್ರಿ. ಆ ಸರ್ವರಿನಲ್ಲಿದ್ದದ್ದು ಸಾಟಾ ಮಾದರಿಯ ಡಿಸ್ಕ್. ಕರ್ನೆಲಿನಲ್ಲಿ ಸಾಟಾ ಚಾಲಕಗಳು ಮೊದಲು ‘ಸ್ಕಸಿ’ ಎಂಬ ವಿಭಾಗದೊಳಗೆ ಬಾಡಿಗೆಗಿದ್ದಂತಿದ್ದವು. ಅವುಗಳ ಆಯ್ಕೆಗಳ ಹೆಸರೂ ಆ ಮನೆತನದ್ದೇ. 2006ರ ನವೆಂಬರ್‌ನಲ್ಲಿ ಬಂದ 2.6.19ರಲ್ಲಿ ಅವನ್ನು ‘ಎಟಿಎ’ ಎಂಬ ಸ್ವಂತ ಮನೆಗೆ ಸಾಗಿಸಿ, ಹೆಸರಿನಿಂದ ‘ಸ್ಕಸಿ’ಯನ್ನು ತೆಗೆದುಹಾಕಲಾಯಿತು. ನನ್ನ ಹಳೆಯ ಕಡತದಲ್ಲಿ ಹಳೆಯ ಹೆಸರಿನ ಮುಂದೆ ‘ವೈ’ ಎಂದು ಬರೆದಿತ್ತು. ಹೊಸ ಕರ್ನೆಲಿಗೆ ಆ ಹೆಸರಿನವರು ಯಾರೂ ಗೊತ್ತಿರಲಿಲ್ಲ. ಒಂದು ಮಾತನ್ನೂ ಆಡದೆ ಆ ಸಾಲನ್ನು ಕೈಬಿಟ್ಟಿತು. ಹೊಸ ಹೆಸರಿನ ಆಯ್ಕೆಯನ್ನು ಮಾತ್ರ ‘ಹೊಸದು’ ಎಂದು ಗುರುತಿಸಿ ನನ್ನನ್ನು ಕೇಳಿತ್ತು. ಸಿದ್ಧ ಉತ್ತರ ‘ಎನ್’ ಇತ್ತು. ನಾನು ಎಂಟರ್ ಒತ್ತಿದ್ದೆ. ಆ ಅವಧಿಯಲ್ಲಿ ಇದೇ ರೀತಿ ಎಡವಿದವರು ಪ್ರಪಂಚದಾದ್ಯಂತ ಬಹಳ ಜನ ಇದ್ದರೆಂದು ಆಮೇಲೆ ತಿಳಿಯಿತು. ಆದರೆ ಅದರಿಂದ ರಿಟರ್ನ್ ಸಿದ್ಧವಾಗುವುದಿಲ್ಲವಲ್ಲ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನಾಪಿಕ್ಸ್ ಸಿ.ಡಿ. ತರಿಸಿ, ಅದರಿಂದ ಗಣಕವನ್ನು ಎಬ್ಬಿಸಿ, ಕರ್ನೆಲನ್ನು ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು. ಮಾಹಿತಿ ಒಂದಕ್ಷರವೂ ಹಾಳಾಗಿರಲಿಲ್ಲ. ಉಗ್ರಾಣದಲ್ಲಿ ಮಾಲು ಇದ್ದಲ್ಲೇ ಇತ್ತು, ಬಾಗಿಲನ್ನು ಮಾತ್ರ ನಾನು ಗೋಡೆ ಕಟ್ಟಿ ಮುಚ್ಚಿದ್ದೆ. ಉಳಿದ ಅರ್ಧ ದಿನದಲ್ಲಿ ರಿಟರ್ನ್‌ಗಳನ್ನು ಹೇಗೆ ಮುಗಿಸಿದೆವೆಂಬುದನ್ನು ನಮ್ಮ ಸಿಬ್ಬಂದಿ ಈಗಲೂ ನೆನಪಿಸಿ ನನ್ನನ್ನು ಹಂಗಿಸುತ್ತಾರೆ.

ಹೆಸರು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಗೊಟಗೋಡಿಯ ರಸ್ತೆಯೇ ಉದಾಹರಣೆ. ಊರ ಬದಿಯ ಹೆದ್ದಾರಿ ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. 2010ರ ಮರುಸಂಖ್ಯಾನದಲ್ಲಿ ಅದು 48 ಆಯಿತು. ರಸ್ತೆ ಅದೇ, ಊರು ಅದೇ. ಆದರೂ ಅನೇಕರ ಲೆಟರ್‌ಹೆಡ್ಡಿನಲ್ಲಿ, ಅಂಗಡಿಯ ಫಲಕದಲ್ಲಿ ಇಂದಿಗೂ 4 ಎಂದೇ ಇದೆ. 1997ರಲ್ಲಿ ಹಾವೇರಿ ಜಿಲ್ಲೆ ಆದ ಮೇಲೂ ‘ಶಿಗ್ಗಾವಿ ತಾಲೂಕು, ಧಾರವಾಡ ಜಿಲ್ಲೆ’ ಎಂದು ಬರೆದ ಪತ್ರಗಳು ವರ್ಷಾನುಗಟ್ಟಲೆ ಬರುತ್ತಿದ್ದವು. ಅಂಚೆಯವನು ಊರು ಬಲ್ಲವನಾದುದರಿಂದ ತಂದು ಕೊಡುತ್ತಿದ್ದ. ಗಣಕಕ್ಕೆ ಅಂಚೆಯವನ ಆ ತಿಳಿವಳಿಕೆಯಿಲ್ಲ. ವಿಳಾಸ ತಿಳಿಯದ ಪತ್ರವನ್ನು ಅದು ಮರಳಿ ಕಳುಹಿಸುವುದೂ ಇಲ್ಲ, ಹರಿದು ಬಿಸಾಡುತ್ತದೆ.

ಇದು ತಯಾರಕರ ನಿರ್ಲಕ್ಷ್ಯವೆಂದು ಮಾತ್ರ ಭಾವಿಸಬಾರದು. ಹೊರಗಿನ ತಂತ್ರಾಂಶಗಳಿಗೆ ತೊಂದರೆಯಾಗುವಂತೆ ಕರ್ನೆಲಿನ ನಡವಳಿಕೆಯನ್ನು ಬದಲಿಸಬಾರದೆಂಬುದು ಟೋರ್ವಾಲ್ಡ್ಸ್ ಅವರು ಬಲು ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿರುವ ನಿಯಮ. ಹತ್ತು ವರ್ಷದ ಹಿಂದೆ ಬರೆಸಿದ ತೂಕದ ತಂತ್ರಾಂಶ ಹೊಸ ಕರ್ನೆಲಿನ ಮೇಲೂ ನಡೆಯುವುದು ಆ ನಿಯಮದ ಫಲ. ಆದರೆ ಕರ್ನೆಲನ್ನು ಕಟ್ಟುವಾಗಿನ ಆಯ್ಕೆಗಳ ಹೆಸರಿಗೆ ಅಂಥ ಭರವಸೆಯಿಲ್ಲ. ಗಿರಾಕಿಗೆ ಕೊಟ್ಟ ಮಾತನ್ನು ಅಂಗಡಿಯವರು ಉಳಿಸಿಕೊಳ್ಳುತ್ತಾರೆ. ಒಳಗೋದಾಮಿನ ಕಪಾಟುಗಳಿಗೆ ಯಾವ ಸಂಖ್ಯೆ ಬರೆಯಬೇಕೆಂಬುದು ಅವರಿಗೆ ಬಿಟ್ಟದ್ದು. 5.4ರಿಂದ 6.12ಕ್ಕೆ ಹೋಗುವ ದಾರಿಯಲ್ಲೂ ಅಂಥ ತಿರುವುಗಳಿವೆ. ಹಳೆಯ ಐಡಿಇ ಡಿಸ್ಕ್ ಚಾಲಕಗಳ ವಿಭಾಗವನ್ನು 2021ರ ಆಗಸ್ಟ್‌ನ 5.14ರಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಗಿದೆ. ಆ ಮಾದರಿಯ ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಎಟಿಎ ವಿಭಾಗದಿಂದ ತಕ್ಕ ಚಾಲಕವನ್ನು ಆರಿಸದಿದ್ದರೆ 2007ರಲ್ಲಿ ನನಗಾದದ್ದೇ ಆಗುತ್ತದೆ.

ಇನ್ನೊಂದು ಸೂಕ್ಷ್ಮ. ಆಯ್ಕೆಗಳು ಒಂದರ ಕೆಳಗೊಂದು ಅವಲಂಬಿಸಿರುತ್ತವೆ. ಮೇಲಿನ ಗುಂಪಿಗೆ ‘ಎನ್’ ಎಂದರೆ ಕೆಳಗಿನ ಎಲ್ಲ ‘ವೈ’ಗಳೂ ಸದ್ದಿಲ್ಲದೆ ಇಲ್ಲವಾಗುತ್ತವೆ. ಯಾವುದಾದರೂ ಹೊಸ ಆವೃತ್ತಿಯಲ್ಲಿ ಇದ್ದ ಆಯ್ಕೆಗಳ ಮೇಲೆ ಹೊಸ ಗುಂಪೊಂದು ಹುಟ್ಟಿ, ಅದಕ್ಕೆ ನಾವು ತಿಳಿಯದೆ ಬೇಡವೆಂದರೆ, ನಾವು ಮುಟ್ಟದ ಹಳೆಯ ಉತ್ತರಗಳೂ ಹೋಗುತ್ತವೆ. ಲೆಕ್ಕದ ತಂತ್ರಾಂಶದಲ್ಲಿ ಗುಂಪನ್ನು ಅಳಿಸಲು ಹೋದರೆ ಅದರ ಕೆಳಗೆ ಖಾತೆಗಳಿವೆ ಎಂದು ಅದು ತಡೆಯುತ್ತದೆ. ಇಲ್ಲಿ ತಡೆಯುವವರಿಲ್ಲ.

ಕೆಂಪು ಪೆನ್ಸಿಲ್

ಹಾಗಾದರೆ ತಾಳೆ ನೋಡುವುದು ಹೇಗೆ? ಬದಲಾವಣೆಗೆ ಮುನ್ನ ಇದ್ದ ಕಡತವನ್ನು ಕರ್ನೆಲಿನ ವ್ಯವಸ್ಥೆಯೇ ‘ಡಾಟ್ ಕಾನ್ಫಿಗ್ ಡಾಟ್ ಓಲ್ಡ್’ ಎಂಬ ಹೆಸರಿನಲ್ಲಿ ಉಳಿಸುತ್ತದೆ. ಆದರೆ ಆದೇಶವನ್ನು ಮತ್ತೊಮ್ಮೆ ಕೊಟ್ಟರೆ ಅದೂ ಅಳಿಸಿಹೋಗಬಹುದಾದ್ದರಿಂದ ಬೇರೆ ಕಡೆಗೆ ಒಂದು ಪ್ರತಿಯನ್ನು ಮೊದಲೇ ತೆಗೆದಿಡುವುದು ಲೇಸು. ಮೂಲ ಸಂಕೇತದ ಜೊತೆಯಲ್ಲಿಯೇ ‘ಡಿಫ್‌ಕಾನ್ಫಿಗ್’ ಎಂಬ ಸಣ್ಣ ಸಲಕರಣೆ ಬರುತ್ತದೆ. ಎರಡೂ ಕಡತಗಳನ್ನು ಅದಕ್ಕೆ ಕೊಟ್ಟರೆ ಹೋದವುಗಳ ಮುಂದೆ ಋಣ ಚಿಹ್ನೆ, ಬಂದವುಗಳ ಮುಂದೆ ಧನ ಚಿಹ್ನೆ, ಉತ್ತರ ಬದಲಾದವುಗಳಿಗೆ ಹಳೆಯದು-ಹೊಸದು ಎರಡನ್ನೂ ಬರೆದು ಪಟ್ಟಿ ಮಾಡುತ್ತದೆ. ನಮ್ಮಂಥವರಿಗೆ ಇದಕ್ಕಿಂತ ಹಿತವಾದ ಓದು ಇನ್ನೊಂದಿಲ್ಲ.

ಧನ ಚಿಹ್ನೆಯ ಸಾಲುಗಳು ನೂರಾರಿರುತ್ತವೆ. ಅವುಗಳಲ್ಲಿ ಬಹುಪಾಲು ನಾವು ಕಂಡರಿಯದ ಯಂತ್ರಾಂಶಗಳಿಗೆ ಸಂಬಂಧಿಸಿದವು. ಅಲ್ಲಿ ಸಿದ್ಧ ಉತ್ತರ ಸಾಮಾನ್ಯವಾಗಿ ನಡೆಯುತ್ತದೆ. ಓದಬೇಕಾದದ್ದು ಋಣ ಚಿಹ್ನೆಯ ಸಾಲುಗಳನ್ನು. ಹಿಂದೆ ‘ವೈ’ ಅಥವಾ ‘ಎಂ’ ಆಗಿದ್ದು ಈಗ ಕಾಣೆಯಾದ ಪ್ರತಿಯೊಂದಕ್ಕೂ ತಂತ್ರಜ್ಞರು ವಿವರಣೆ ಕೊಡಬೇಕು: ಹೆಸರು ಬದಲಾಯಿತೇ, ಬೇರೆಯದರೊಳಗೆ ವಿಲೀನವಾಯಿತೇ, ಅಥವಾ ನಿಜವಾಗಿಯೂ ಬೇಡವಾಯಿತೇ? ತಾಳೆಪಟ್ಟಿಯಲ್ಲಿ ಕಾಣದಾದ ಖಾತೆಯ ಬಗ್ಗೆ ಗುಮಾಸ್ತರನ್ನು ನಾವು ಕೇಳುವ ಪ್ರಶ್ನೆಗಳೂ ಇವೇ. ಇತ್ತೀಚಿನ ಕರ್ನೆಲ್‌ಗಳಲ್ಲಿ ತಿಳಿಯದ ಹೆಸರು ಕಂಡರೆ ಎಚ್ಚರಿಸುವಂತೆ ಹೇಳುವ ಸೌಲಭ್ಯವೂ ಸೇರಿದೆ; ಆದರೆ ಹೇಳಿದರೆ ಮಾತ್ರ ಎಚ್ಚರಿಸುತ್ತದೆ.

ವಿತರಕರ ಸಿದ್ಧ ಕರ್ನೆಲ್ ಬಳಸುವ ಸದಸ್ಯರಿಗೆ ಈ ಪ್ರಯಾಸ ಇಲ್ಲ. ಅವರ ಪರವಾಗಿ ವಿತರಕರೇ ತಾಳೆ ನೋಡಿರುತ್ತಾರೆ, ಹೊಸ ಕರ್ನೆಲ್ ಹಾಕುವಾಗ ಹಳೆಯದನ್ನೂ ಉಳಿಸುತ್ತಾರೆ. ಫೆಡೋರಾ ಬಳಗದಲ್ಲಿ ಸಾಮಾನ್ಯವಾಗಿ ಮೂರರವರೆಗೆ ಉಳಿಯುತ್ತವೆ. ಏಳುವಾಗ ತೋರುವ ಪಟ್ಟಿಯಿಂದ ಹಳೆಯದನ್ನು ಆರಿಸಿದರೆ ಗಣಕ ಮೊದಲಿನಂತೆ ನಡೆಯುತ್ತದೆ. ಆದರೂ ಡೆಬಿಯನ್, ಉಬುಂಟುಗಳನ್ನು ನವೀಕರಿಸುವಾಗ ನೀವು ತಿದ್ದಿದ ಸೆಟ್ಟಿಂಗ್ ಕಡತ ಎದುರಾದರೆ, ನಿಮ್ಮದನ್ನು ಉಳಿಸಲೇ, ಹೊಸದನ್ನು ಹಾಕಲೇ, ವ್ಯತ್ಯಾಸ ತೋರಿಸಲೇ ಎಂದು ಕೇಳುತ್ತದೆ. ಸಿದ್ಧ ಉತ್ತರ ನಿಮ್ಮದನ್ನು ಉಳಿಸುವುದು. ವ್ಯತ್ಯಾಸ ನೋಡಿ ಉತ್ತರಿಸಲು ಒಂದು ನಿಮಿಷವೂ ಬೇಡ. ನೋಡುವವರು ಮಾತ್ರ ವಿರಳ.

ನಮ್ಮ ಲೆಕ್ಕದ ತಂತ್ರಾಂಶದಲ್ಲಿ

ಕರ್ನೆಲಿನ ಗೊಡವೆಯೇ ಇಲ್ಲದ ಸದಸ್ಯರೂ ಈ ತೊಡಕಿನಿಂದ ಹೊರಗಿಲ್ಲ. ಹಳೆಯ ಉತ್ತರ ಕಳೆದುಹೋಗುವುದು ಒಂದು ಅಪಾಯವಾದರೆ, ಕಾಲ ಮುಗಿದ ಉತ್ತರ ಹಾಗೆಯೇ ಉಳಿಯುವುದು ಇನ್ನೊಂದು. 2017ರ ಜುಲೈ 1ರಂದು ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ 5.5 ಹಾಗೂ 14.5 ಶೇಕಡಾ ದರಗಳು, 11 ಅಂಕಿಗಳ ಟಿನ್ ಸಂಖ್ಯೆಗಳು ಎಲ್ಲವೂ ಒಮ್ಮೆಲೇ ಬದಲಾದವು. ಬದಲಾವಣೆ ದೊಡ್ಡದಾದ ಕಾರಣ ಎಲ್ಲರೂ ಎಚ್ಚರದಿಂದಿದ್ದರು. ತಪ್ಪುಗಳು ಬೇಗ ಕಣ್ಣಿಗೆ ಬಿದ್ದವು. 2025ರ ಸೆಪ್ಟೆಂಬರ್ 22ರ ಬದಲಾವಣೆ ಹಾಗಲ್ಲ. 12 ಶೇಕಡಾದ ಬಹುತೇಕ ಸರಕುಗಳು 5ಕ್ಕೆ, 28ರ ಬಹುತೇಕ ಸರಕುಗಳು 18ಕ್ಕೆ ಇಳಿದವು. ಸಿಮೆಂಟ್ 28ರಿಂದ 18ಕ್ಕೆ, ಟ್ರ್ಯಾಕ್ಟರ್ ಹಾಗೂ ಹನಿ ನೀರಾವರಿ ಸಾಮಗ್ರಿ 12ರಿಂದ 5ಕ್ಕೆ ಬಂದವು. ತಂತ್ರಾಂಶ ಅದೇ, ನಮೂನೆ ಅದೇ. ನಾನು ನೋಡಿದ ಅಂಗಡಿಯೊಂದರಲ್ಲಿ ಮಾಲೀಕರು ಮುಖ್ಯ ಸರಕುಗಳ ದರ ತಿದ್ದಿಸಿದ್ದರು. ಆದರೆ ಕೆಲವು ಸರಕುಗಳಿಗೆ ಯಾವಾಗಲೋ ಪ್ರತ್ಯೇಕವಾಗಿ ದರ ಬರೆದಿಟ್ಟದ್ದು ಮರೆತಿತ್ತು; ಗುಂಪಿನ ಹೊಸ ದರ ಅವುಗಳಿಗೆ ತಗಲಲಿಲ್ಲ. ಅಕ್ಟೋಬರ್ ಮೊದಲ ವಾರದವರೆಗೂ ಅವು ಹಳೆಯ ದರದಲ್ಲೇ ಬಿಲ್ ಆದವು. ತೆರಿಗೆಯೆಂದು ವಸೂಲು ಮಾಡಿದ ಹಣವನ್ನು ಸರ್ಕಾರಕ್ಕೆ ಕಟ್ಟಲೇಬೇಕೆಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 76ನೆಯ ಕಲಂ ಹೇಳುತ್ತದೆ. ಗಿರಾಕಿಗಳ ಮುನಿಸು ಅದರ ಮೇಲೆ ಬೇರೆ.

ಸಿದ್ಧ ಉತ್ತರದ ಅಪಾಯಕ್ಕೂ ನಮ್ಮಲ್ಲಿ ಉದಾಹರಣೆಯಿದೆ. ಲೆಕ್ಕದ ತಂತ್ರಾಂಶ ಬಳಸುವ ಕಂಪನಿಗಳು 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಡನೆ ದಾಖಲಿಸುವ ಮತ್ತು ನಿಲ್ಲಿಸಲು ಬಾರದ ವ್ಯವಸ್ಥೆಯಿರುವ ತಂತ್ರಾಂಶವನ್ನೇ ಬಳಸಬೇಕು. ಅದು ವರ್ಷವಿಡೀ ಚಾಲ್ತಿಯಲ್ಲಿತ್ತೇ ಎಂಬುದನ್ನು ಲೆಕ್ಕಪರಿಶೋಧಕರು ವರದಿಯಲ್ಲಿ ಬರೆಯಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ ಇದು ಅನ್ವಯಿಸದು, ಆದರೆ ನಮ್ಮ ಸದಸ್ಯರಲ್ಲಿ ಖಾಸಗಿ ಕಂಪನಿಗಳೂ ಇವೆ. ಹೊಸ ಆವೃತ್ತಿ ತಂದೆವು, ಹಳೆಯ ಮಾಹಿತಿ ಒಯ್ದೆವು, ಎಲ್ಲವೂ ಸರಿಯಿದೆ ಎನ್ನುವವರು ಆ ದಾಖಲೆ ನಿಜವಾಗಿ ಆರಂಭವಾಗಿದೆಯೇ ಎಂಬುದನ್ನು ನೋಡಿರುವುದಿಲ್ಲ. ವರ್ಷದ ಕೊನೆಗೆ ನೋಡಿದರೆ ಕಳೆದ ದಿನಗಳ ದಾಖಲೆಯನ್ನು ಸೃಷ್ಟಿಸಲು ಬರುವುದಿಲ್ಲ. ಹಾಗೆಯೇ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ, ಗುತ್ತಿಗೆದಾರರ ಪಾವತಿಗೆ ನಾವು ಬಾಯಿಪಾಠ ಮಾಡಿದ್ದ 194ಸಿ ಎಂಬ ಕಲಂ ಇಲ್ಲ. ಸಂಬಳ ಬಿಟ್ಟು ಉಳಿದ ಮೂಲದಲ್ಲಿ ಕಡಿತಗಳೆಲ್ಲ 393ನೆಯ ಕಲಮಿನಲ್ಲಿ ಸೇರಿವೆ. ಕಡಿತ ಅದೇ, ಹೆಸರು ಬೇರೆ. ಸಾಟಾ ಚಾಲಕದ ಕಥೆ ಮತ್ತೆ.

ಗೊಟಗೋಡಿಯ ಭಾನುವಾರ

ಆ ಉದ್ಯಮಿಗೆ ಇಷ್ಟೆಲ್ಲ ದೂರವಾಣಿಯಲ್ಲಿ ಹೇಳಲಾಗದೆ, ಕಾಟಾಕ್ಕೆ ರಜೆಯಿರುವ ಭಾನುವಾರ ನಾನೇ ಹೋದೆ. ತಂತ್ರಜ್ಞ ಚುರುಕಾದ ಯುವಕ. ಗಣಕವನ್ನು ಕಾಟಾದ ಕೋಣೆಯಿಂದ ಕಚೇರಿಯ ಮೇಜಿಗೆ ತಂದಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಹಳೆಯ ಕಡತದಲ್ಲಿ ಬೇಡದ ಚಾಲಕಗಳೇ ಹೆಚ್ಚಿವೆಯೆಂದು ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆದೇಶದಿಂದ ಅದನ್ನು ಚಿಕ್ಕದಾಗಿಸಿದ್ದ. ಈ ಆದೇಶ ಆ ಗಳಿಗೆಯಲ್ಲಿ ಯಂತ್ರದಲ್ಲಿ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿ ಮಿಕ್ಕ ಮಾಡ್ಯೂಲ್‌ಗಳನ್ನು ‘ಎನ್’ ಮಾಡುತ್ತದೆ. ಕರ್ನೆಲ್ ಬೇಗ ಕಟ್ಟಿ ಮುಗಿಯುತ್ತದೆ, ಉಪಯುಕ್ತ ಆದೇಶವೇ. ಹಮಾಲರ ಹಾಜರಿ ಪುಸ್ತಕ ಮಾಡುವಾಗ ಇಂದು ಬಂದವರ ಹೆಸರನ್ನಷ್ಟೇ ಬರೆದಂತೆ.

“ತಮ್ಮಾ, ಕಾಟಾದ ಕೇಬಲ್ ಹಚ್ಚಿದ್ದೇನು?” ಎಂದು ಕೇಳಿದೆ.

ಹಚ್ಚಿರಲಿಲ್ಲ. ತೂಕದ ಸೂಚಕದಿಂದ ಗಣಕಕ್ಕೆ ಬರುವ ಸೀರಿಯಲ್ ತಂತಿ ಒಂದು ಯುಎಸ್‌ಬಿ ಪರಿವರ್ತಕದ ಮೂಲಕ ಜೋಡಣೆಯಾಗುತ್ತದೆ. ಅದು ಕಾಟಾದ ಕೋಣೆಯಲ್ಲೇ ನೇತಾಡುತ್ತಿತ್ತು. ಜೋಡಣೆ ಇಲ್ಲದ್ದರಿಂದ ಅದರ ಚಾಲಕ ಬಳಕೆಯಲ್ಲಿರಲಿಲ್ಲ, ಬಳಕೆಯಲ್ಲಿಲ್ಲದ್ದರಿಂದ ಹೊಸ ಪಟ್ಟಿಯಲ್ಲಿರಲಿಲ್ಲ. ಡಿಫ್‌ಕಾನ್ಫಿಗ್ ಓಡಿಸಿದಾಗ ‘ಎಂ’ದಿಂದ ‘ಎನ್’ಗೆ ಇಳಿದ ಸಾಲುಗಳ ನಡುವೆ ಅದು ಸ್ಪಷ್ಟವಾಗಿ ಕಂಡಿತು. ಲೇಬಲ್ ಮುದ್ರಕದ ಚಾಲಕವೂ ಅಲ್ಲೇ ಇತ್ತು. ಸೋಮವಾರ ಮುಂಜಾನೆ ಲಾರಿಗಳು ಸಾಲುಗಟ್ಟಿ ನಿಂತಾಗ ಗಣಕ ಚೆನ್ನಾಗಿಯೇ ಏಳುತ್ತಿತ್ತು, ತೂಕ ಮಾತ್ರ ಬರುತ್ತಿರಲಿಲ್ಲ.

ಯುವಕ ಮುಜುಗರಪಟ್ಟುಕೊಂಡ, ನನ್ನ 2007ರ ಕಥೆ ಹೇಳಿದ ಮೇಲೆ ನಕ್ಕ. ಗಣಕವನ್ನು ಕಾಟಾದ ಕೋಣೆಗೆ ಒಯ್ದು, ಪರಿವರ್ತಕ, ಮುದ್ರಕ, ಬಾರ್‌ಕೋಡ್ ಓದುವ ಯಂತ್ರ, ವರ್ಷಕ್ಕೊಮ್ಮೆ ಬ್ಯಾಕಪ್ಪಿಗೆ ಬಳಸುವ ಹೊರಡಿಸ್ಕ್ ಸಹಿತ ಎಲ್ಲವನ್ನೂ ಹಚ್ಚಿ ಮೊದಲಿನಿಂದ ಆರಂಭಿಸಿದ. ಪ್ರಶ್ನೆಗಳನ್ನು ಓದುತ್ತ ಹೋದೆವು. ಸಂಜೆಯ ಹೊತ್ತಿಗೆ ಹೊಸ ಕರ್ನೆಲ್ ಎದ್ದಿತು. ಮಾಲೀಕರ ಟ್ರ್ಯಾಕ್ಟರನ್ನು ಕಾಟಾದ ಮೇಲೆ ನಿಲ್ಲಿಸಿ ಎರಡು ಸಲ ತೂಗಿ, ಚೀಟಿ ಮುದ್ರಿಸಿ, ಹಳೆಯ ಕರ್ನೆಲಿನಲ್ಲಿ ಮುಂಜಾನೆ ಮುದ್ರಿಸಿದ್ದ ಚೀಟಿಯೊಂದಿಗೆ ಇಟ್ಟು ನೋಡಿದೆವು. ಹಳೆಯ ಕರ್ನೆಲ್ ಈಗಲೂ ಏಳುವ ಪಟ್ಟಿಯಲ್ಲಿ ಎರಡನೆಯ ಸಾಲಿನಲ್ಲಿದೆ. ಜಾಗ ಹಿಡಿಯುತ್ತದೆ, ತೆಗೆಯಲೇ ಎಂದು ಯುವಕ ಕೇಳಿದಾಗ ಮಾಲೀಕರು ನನ್ನ ಮುಖ ನೋಡಿದರು. ಮುಂದಿನ ಪಾಡ್ಯದವರೆಗೆ ಇರಲಿ ಎಂದೆ.